ತಲೆಪೆಟ್ಟಿನ ನಂತರ ಮಿದುಳಿನ ಅಲೆಗಳ ಪರೀಕ್ಷೆ: ಎಲ್ಲಿ ಬೇಕು, ಎಲ್ಲಿ ಬೇಡ

ಮಾನ್ಯ ಸಂಪಾದಕರೇ,

ತಲೆಗೆ ಚೆಂಡು ಬಡಿದ ಆಟಗಾರನ ಜಾಗದಲ್ಲಿ ಇನ್ನೊಬ್ಬನನ್ನು ಕಣಕ್ಕಿಳಿಸುವ ನಿಯಮ ಕ್ರಿಕೆಟ್‌ಗೆ ಬಂದಾಗಿನಿಂದ ‘ಕನ್‌ಕಷನ್’ (ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿನ ಕೆಲಸದಲ್ಲಿ ಆಗುವ ಏರುಪೇರು) ನಮ್ಮ ಕ್ರೀಡಾಪುಟಗಳ ಓದುಗರಿಗೆ ಪರಿಚಿತ ಪದವಾಗಿದೆ. ಇನ್ನೊಂದು ಕಡೆ, ನಗರಗಳ ಕೆಲವು ಖಾಸಗಿ ಕೇಂದ್ರಗಳು ತಲೆಗೆ ಪೆಟ್ಟು ಬಿದ್ದವರ ಮಿದುಳಿನ ಅಲೆಗಳನ್ನು ಅಳೆದು, ಪೆಟ್ಟು ಎಷ್ಟಾಗಿದೆ, ಎಷ್ಟು ಮಾಸಿದೆ ಎಂಬುದನ್ನು ಬಣ್ಣದ ನಕ್ಷೆಯಲ್ಲಿ ತೋರಿಸಿಕೊಡುವುದಾಗಿ ‘ಬ್ರೈನ್ ಮ್ಯಾಪಿಂಗ್’ ಹೆಸರಿನಲ್ಲಿ ಪ್ರಚಾರ ಮಾಡುತ್ತಿವೆ. ಆಸ್ಪತ್ರೆಯಲ್ಲಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆಯ ವಿಭಾಗದಲ್ಲಿ ತಂತ್ರಜ್ಞನಾಗಿ ದುಡಿದು ನಿವೃತ್ತನಾದ ನನಗೆ ಈ ಪರೀಕ್ಷೆಯ ಮೇಲೆ ಗೌರವವಿದೆ. ಆ ಗೌರವದ ಕಾರಣಕ್ಕೇ, ಅದು ತಾನಾಗಿ ಹೇಳುವುದೆಷ್ಟು, ನಾವು ಅದರ ಬಾಯಿಂದ ಹೇಳಿಸುತ್ತಿರುವುದೆಷ್ಟು ಎಂಬುದನ್ನು ಓದುಗರ ಮುಂದಿಡಲು ಬಯಸುತ್ತೇನೆ.

ಕನ್‌ಕಷನ್ ಆದಾಗ ಸಾಮಾನ್ಯವಾಗಿ ತಲೆಬುರುಡೆ ಒಡೆದಿರುವುದಿಲ್ಲ. ಬಹುಪಾಲು ರೋಗಿಗಳ ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವವೂ ಕಾಣುವುದಿಲ್ಲ. ಆದರೂ ರೋಗಿಗೆ ತಲೆನೋವು, ತಲೆಸುತ್ತು, ವಾಕರಿಕೆ ಇರುತ್ತದೆ. ಬೆಳಕು ಮತ್ತು ಸದ್ದು ಸಹಿಸಲಾಗದು. ಕೇಳಿದ ಪ್ರಶ್ನೆಗೆ ಉತ್ತರ ತಡವಾಗಿ ಬರುತ್ತದೆ. ಪೆಟ್ಟಿನ ಅಲುಗಾಟಕ್ಕೆ ನರಕೋಶಗಳ ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಹರಿದು, ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಆ ಏರುಪೇರನ್ನು ಸರಿಪಡಿಸಲು ಮಿದುಳಿಗೆ ಹೆಚ್ಚು ಶಕ್ತಿ ಬೇಕಾಗುವ ಹೊತ್ತಿನಲ್ಲೇ ರಕ್ತದ ಹರಿವು ಕಡಿಮೆಯಾಗಿರುತ್ತದೆ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಇದು ಕೋಶಗಳ ಕೆಲಸದಲ್ಲಿ ಆಗುವ ತೊಡಕೇ ಹೊರತು ಕಣ್ಣಿಗೆ ಕಾಣುವ ಗಾಯವಲ್ಲ. ಹೀಗಾಗಿ ರೋಗನಿರ್ಣಯ ಇಂದಿಗೂ ರೋಗಿಯ ಮಾತು, ನೆನಪಿನ ಪರೀಕ್ಷೆ, ನಡಿಗೆಯ ಸಮತೋಲನ ಹಾಗೂ ವೈದ್ಯರ ಅನುಭವವನ್ನು ನೆಚ್ಚಿಕೊಂಡಿದೆ. ಕ್ರೀಡಾಂಗಣಗಳಲ್ಲಿ ಬಳಸುವ ಸ್ಕ್ಯಾಟ್-6 ಎಂಬ ಪರೀಕ್ಷಾಪಟ್ಟಿಯೂ ಇಂಥದ್ದೇ.

ಈ ಬಗೆಯ ಪರೀಕ್ಷೆ ಎಲ್ಲಿ ಸೋಲುತ್ತದೆ ಎಂಬುದನ್ನು 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಜಗತ್ತು ನೋಡಿತು. ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿಯಿತು. ಅವರು ಮೈದಾನ ಬಿಟ್ಟು ಹೋಗಿ, ಕನ್‌ಕಷನ್ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಒಂದು ಗಂಟೆಯೊಳಗೇ ಮರಳಿ ಬ್ಯಾಟಿಂಗ್ ಮಾಡಿ 92 ರನ್‌ಗಳಿಗೆ ಔಟಾದರು. ಮರುದಿನ ಬೆಳಿಗ್ಗೆ ತಲೆನೋವು ಮತ್ತು ಮಂಕು ಕಾಣಿಸಿಕೊಂಡಿತು. ಅದೇ ತಿಂಗಳಿನಿಂದ ಜಾರಿಯಾಗಿದ್ದ ಹೊಸ ನಿಯಮದಡಿ ಮಾರ್ನಸ್ ಲಬುಶೇನ್ ಟೆಸ್ಟ್ ಕ್ರಿಕೆಟ್‌ನ ಮೊದಲ ಕನ್‌ಕಷನ್ ಬದಲಿ ಆಟಗಾರರಾದರು. ಸ್ಮಿತ್ ಮುಂದಿನ ಟೆಸ್ಟ್‌ಗೂ ಇರಲಿಲ್ಲ. ನುರಿತ ವೈದ್ಯರು, ಸಿದ್ಧ ಪರೀಕ್ಷಾಪಟ್ಟಿ, ನಾಲ್ಕಾರು ಕ್ಯಾಮೆರಾಗಳು ಇದ್ದ ಕಡೆಯೇ ಹೀಗಾದರೆ, ಆಡಬೇಕೆಂಬ ಆಸೆಯಿಂದ ತಲೆನೋವನ್ನು ಮುಚ್ಚಿಡುವ ಹದಿನಾರರ ಹುಡುಗನ ವಿಷಯದಲ್ಲಿ ಏನಾಗಬಹುದು? ರೋಗಿಯ ಮಾತಿಗೆ ಕಾಯದೆ ಮಿದುಳನ್ನೇ ನೇರವಾಗಿ ಕೇಳುವ ಒಂದು ಅಳತೆ ಬೇಕೆಂಬ ಹಂಬಲ ಇಲ್ಲಿಂದ ಹುಟ್ಟಿದೆ. ಹಂಬಲ ನ್ಯಾಯವಾದದ್ದೇ.

ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯ ಮೇಲಿನಿಂದ ಮೊದಲ ಬಾರಿಗೆ ವಿದ್ಯುತ್ ಅಲೆಗಳನ್ನು ದಾಖಲಿಸಿ, 1929ರಲ್ಲಿ ಅದನ್ನು ಪ್ರಕಟಿಸಿದರು. ಅಂದಿನಿಂದ ಮೂರ್ಛೆರೋಗದ ಚಿಕಿತ್ಸೆಯಲ್ಲಿ ಇಇಜಿಗೆ ಬೇರೆ ಯಾವುದೂ ತುಂಬಲಾರದ ಸ್ಥಾನವಿದೆ. ಆದರೆ ಕನ್‌ಕಷನ್‌ನಲ್ಲಿ ಅದರ ನಡೆ ಬೇರೆ. ಪೆಟ್ಟು ಬಿದ್ದ ಕೆಲವು ನಿಮಿಷ, ಗಂಟೆಗಳಲ್ಲಿ ಅಲೆಗಳು ನಿಧಾನವಾಗಬಹುದಾದರೂ, ರೋಗಿ ನಮ್ಮ ಮಂಚದ ಮೇಲೆ ಬಂದು ಮಲಗುವ ಹೊತ್ತಿಗೆ ಸಾಧಾರಣ ಇಇಜಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಕೊಂಚ ನಿಧಾನ ಅಲೆಗಳು ಕಂಡರೂ ಅವು ಪೆಟ್ಟಿನವೇ ಎಂದು ಹೇಳಲು ಬರುವುದಿಲ್ಲ. ರಾತ್ರಿ ನಿದ್ದೆಗೆಟ್ಟು ಬಂದವನ ತೂಕಡಿಕೆಯಲ್ಲೂ ಅದೇ ನಿಧಾನ ಅಲೆಗಳು ಏಳುತ್ತವೆ. ಅಪಘಾತದ ನಂತರ ಫಿಟ್ಸ್ ಬಾರದಿರಲೆಂದು ಕೊಡುವ ಫೆನಿಟಾಯಿನ್ ಮಾತ್ರೆಯೂ ಅಲೆಗಳನ್ನು ನಿಧಾನಗೊಳಿಸಬಹುದು. ನಿದ್ದೆಮಾತ್ರೆಗಳು ವೇಗದ ಬೀಟಾ ಅಲೆಗಳನ್ನು ಹೆಚ್ಚಿಸುತ್ತವೆ. ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಸ್ನಾಯುಗಳ ವಿದ್ಯುತ್ತೇ ಕಾಗದದ ತುಂಬ ಹರಡಿಕೊಳ್ಳುತ್ತದೆ. ತಲೆಗೆ ಎಣ್ಣೆ ಹಚ್ಚದೆ ಸ್ನಾನ ಮಾಡಿಕೊಂಡು ಬನ್ನಿ ಎಂದು ನಾವು ಹೇಳುತ್ತಿದ್ದುದು ಶಾಸ್ತ್ರಕ್ಕಲ್ಲ: ಅಲೆಗಳನ್ನು ಹಿಡಿಯಲು ತಲೆಗೆ ಅಂಟಿಸುವ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ಕೂರದಿದ್ದರೆ, ಕೆಲವೇ ಹತ್ತು ಮೈಕ್ರೋವೋಲ್ಟ್‌ಗಳ ಈ ಸಂಕೇತ ಗೋಡೆಯ ವೈರಿಂಗ್‌ನ ಗದ್ದಲದಲ್ಲಿ ಮುಳುಗಿಹೋಗುತ್ತದೆ.

‘ಬ್ರೈನ್ ಮ್ಯಾಪಿಂಗ್’ ಎಂಬುದು ಇದೇ ಇಇಜಿಯನ್ನು ಕಂಪ್ಯೂಟರಿಗೆ ಉಣಿಸಿ, ಅಲೆಗಳ ಪ್ರಮಾಣವನ್ನು ಅಂಕಿಗಳಾಗಿಸಿ, ಆರೋಗ್ಯವಂತರ ಸರಾಸರಿಗೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಕೆಂಪು ನೀಲಿ ಬಳಿಯುವ ವಿಧಾನ. ಲೆಕ್ಕ ಮಾಡಿ ನೋಡಿ. ತಲೆಯ ಮೇಲೆ 19 ಎಲೆಕ್ಟ್ರೋಡ್‌ಗಳಿದ್ದು, ಪ್ರತಿಯೊಂದರಲ್ಲೂ ಡೆಲ್ಟಾ, ಥೀಟಾ, ಆಲ್ಫಾ, ಬೀಟಾ ಎಂಬ ನಾಲ್ಕು ಬಗೆಯ ಅಲೆಗಳನ್ನು ಅಳೆದರೆ 76 ಅಂಕಿಗಳಾದವು. ನೂರರಲ್ಲಿ ಐದು ಮಂದಿಯಲ್ಲಷ್ಟೇ ಕಾಣುವ ಬೆಲೆಯನ್ನು ‘ಅಸಹಜ’ ಎಂದು ಕರೆಯುವುದಾದರೆ, ಪೂರ್ಣ ಆರೋಗ್ಯವಂತನ ನಕ್ಷೆಯಲ್ಲೂ ಸರಾಸರಿ ನಾಲ್ಕು ಕಡೆ ಕೆಂಪು ಬಂದೇ ಬರುತ್ತದೆ. ತಲೆಗೆ ಪೆಟ್ಟು ಬಿದ್ದು ಗಾಬರಿಯಲ್ಲಿರುವ ಕುಟುಂಬಕ್ಕೆ ಆ ನಾಲ್ಕು ಕೆಂಪು ಚುಕ್ಕೆಗಳನ್ನು ತೋರಿಸಿ, ಇಪ್ಪತ್ತು ಮೂವತ್ತು ಸಲ ಬಂದು ಹಣ ಕಟ್ಟಿ ‘ಸರಿಪಡಿಸಿಕೊಳ್ಳಿ’ ಎನ್ನುವುದನ್ನು ವೈದ್ಯಕೀಯವೆಂದು ಕರೆಯಲು ನನಗೆ ಮನಸ್ಸು ಬಾರದು. ಪೆಟ್ಟಿಗೆ ಮುಂಚೆ ಆ ವ್ಯಕ್ತಿಯ ಅಲೆಗಳು ಹೇಗಿದ್ದವು ಎಂಬುದು ಗೊತ್ತಿಲ್ಲದೆ, ಈಗಿನದು ಪೆಟ್ಟಿನಿಂದ ಬಂದದ್ದೋ ಹುಟ್ಟಿನಿಂದಲೇ ಇದ್ದದ್ದೋ ಹೇಳಲಾಗದು.

ಹಾಗೆಂದು ಮಿದುಳಿನ ವಿದ್ಯುತ್ತಿನಲ್ಲಿ ಕನ್‌ಕಷನ್‌ನ ಗುರುತೇ ಇಲ್ಲವೆಂದಲ್ಲ. ಸುಮ್ಮನೆ ಮಲಗಿರುವಾಗಿನ ಅಲೆಗಳಿಗಿಂತ, ಮಿದುಳಿಗೆ ಒಂದು ಕೆಲಸ ಕೊಟ್ಟು ಅದರ ಪ್ರತಿಕ್ರಿಯೆಯನ್ನು ಅಳೆಯುವ ದಾರಿ ಹೆಚ್ಚು ಭರವಸೆ ಹುಟ್ಟಿಸಿದೆ. ಒಂದೇ ಬಗೆಯ ಸದ್ದುಗಳ ನಡುವೆ ಅಪರೂಪಕ್ಕೊಮ್ಮೆ ಬೇರೆ ಸದ್ದು ಕೇಳಿಸಿದರೆ, ಅದನ್ನು ಗಮನಿಸಿದ ಮಿದುಳು ಸುಮಾರು 300 ಮಿಲಿಸೆಕೆಂಡಿನ ಬಳಿಕ ಒಂದು ಅಲೆಯನ್ನು ಎಬ್ಬಿಸುತ್ತದೆ. ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು 1965ರಲ್ಲಿ ವರದಿ ಮಾಡಿದ ಈ ಅಲೆಗೆ ಪಿ300 ಎಂದು ಹೆಸರು. ಒಂದೇ ಸದ್ದಿಗೆ ಎದ್ದ ಅಲೆ ಕಣ್ಣಿಗೆ ಕಾಣದು; ಹತ್ತಾರು ಸಲದ ಸರಾಸರಿ ತೆಗೆದಾಗ ಮೇಲಕ್ಕೆ ತೇಲಿ ಬರುತ್ತದೆ. ಕನ್‌ಕಷನ್ ಆದವರಲ್ಲಿ ಈ ಅಲೆ ಗಿಡ್ಡವಾಗಿರುವುದನ್ನು ಅನೇಕ ಅಧ್ಯಯನಗಳು ಕಂಡಿವೆ. ಕಾಗದದ ಮೇಲಿನ ನೆನಪಿನ ಪರೀಕ್ಷೆಯಲ್ಲಿ ಸರಿಸಮನಾಗಿ ಉತ್ತರಿಸುವ ಕ್ರೀಡಾಪಟುಗಳಲ್ಲೂ, ಪೆಟ್ಟು ಬಿದ್ದು ವರ್ಷಗಳಾದ ಮೇಲೂ, ಈ ವ್ಯತ್ಯಾಸ ಉಳಿದಿದ್ದುಂಟು.

ಈ ದಾರಿಯಲ್ಲಿ ನನಗೆ ಮೆಚ್ಚುಗೆಯಾದ ಎರಡು ಅಧ್ಯಯನಗಳಿವೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೀನಾ ಕ್ರೌಸ್ ಅವರ ತಂಡ 2016ರಲ್ಲಿ 40 ಮಕ್ಕಳನ್ನು ಪರೀಕ್ಷಿಸಿತು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಕನ್‌ಕಷನ್ ಆಗಿತ್ತು. ಕಿವಿಗೆ ‘ಡ’ ಎಂಬ ಒಂದು ಚಿಕ್ಕ ಉಚ್ಚಾರವನ್ನು ಮತ್ತೆ ಮತ್ತೆ ಕೇಳಿಸಿ, ಅದರ ಸ್ವರವನ್ನು ಮಿದುಳು ಎಷ್ಟು ನಿಖರವಾಗಿ ಹಿಡಿಯುತ್ತದೆ ಎಂಬುದನ್ನು ಅಳೆದಾಗ, ಪೆಟ್ಟು ಬಿದ್ದ ಮಕ್ಕಳಲ್ಲಿ ನೂರಕ್ಕೆ 90ರಷ್ಟನ್ನೂ ಆರೋಗ್ಯವಂತ ಮಕ್ಕಳಲ್ಲಿ ನೂರಕ್ಕೆ 95ರಷ್ಟನ್ನೂ ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಮಗು ಮಾತಾಡಬೇಕಿಲ್ಲ, ಗುಂಡಿ ಒತ್ತಬೇಕಿಲ್ಲ, ಆದ್ದರಿಂದ ಸುಳ್ಳು ಹೇಳುವ ಪ್ರಶ್ನೆಯೂ ಇಲ್ಲ. ಇನ್ನೊಂದು, ಯುವ ಐಸ್ ಹಾಕಿ ಆಟಗಾರರ ಮೇಲೆ ಮೇಯೊ ಕ್ಲಿನಿಕ್‌ನ ವೈದ್ಯರೂ ಕೆನಡಾದ ಸಂಶೋಧಕರೂ ಸೇರಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಆಟದ ಋತು ಶುರುವಾಗುವ ಮೊದಲೇ ಪ್ರತಿಯೊಬ್ಬನ ಅಳತೆಯನ್ನು ತೆಗೆದಿಟ್ಟುಕೊಂಡಿದ್ದರು. ಪೆಟ್ಟು ತಿಂದು, ಚೇತರಿಸಿಕೊಂಡು, ಆಡಬಹುದೆಂದು ಅನುಮತಿ ಪಡೆದವರ ಮಿದುಳು ಆಗಲೂ ಮೊದಲಿನ ಅಳತೆಗೆ ಪೂರ್ತಿ ಮರಳಿರಲಿಲ್ಲ. ಪೆಟ್ಟಿನ ಯಾವ ದೂರೂ ಇಲ್ಲದೆ ಇಡೀ ಋತು ಆಡಿದವರಲ್ಲೂ ಸಣ್ಣ ಬದಲಾವಣೆ ಕಂಡಿತು. ಅವನವನ ಅಳತೆಗೆ ಅವನನ್ನೇ ಹೋಲಿಸಿದ ಕಾರಣ ಈ ಅಧ್ಯಯನಕ್ಕೆ ತೂಕವಿದೆ.

ಆದರೆ 40 ಮಕ್ಕಳಲ್ಲಿ ಬಂದ ಫಲಿತಾಂಶವನ್ನು ಶಾಲೆಗಳಿಗೆ ಹಾಗೆಯೇ ಹೊತ್ತುಕೊಂಡು ಹೋಗಲಾಗದು. ಅಲ್ಲಿ ಅರ್ಧ ಮಕ್ಕಳು ಪೆಟ್ಟು ತಿಂದವರೇ ಆಗಿದ್ದರು, ನಿಜಜೀವನದಲ್ಲಿ ಹಾಗಿರುವುದಿಲ್ಲ. ಸಾವಿರ ಮಕ್ಕಳಲ್ಲಿ 20 ಮಂದಿಗೆ ಕನ್‌ಕಷನ್ ಆಗಿದೆ ಎಂದಿಟ್ಟುಕೊಳ್ಳೋಣ. ಅಷ್ಟೇ ನಿಖರವಾದ ಪರೀಕ್ಷೆ ಅವರಲ್ಲಿ 18 ಮಂದಿಯನ್ನು ಹಿಡಿಯುತ್ತದೆ. ಜೊತೆಗೆ ಏನೂ ಆಗದ 980 ಮಕ್ಕಳಲ್ಲಿ 49 ಮಂದಿಗೂ ಕನ್‌ಕಷನ್ ಎಂಬ ಹಣೆಪಟ್ಟಿ ಹಚ್ಚುತ್ತದೆ. ಅಂದರೆ ಯಂತ್ರ ಬೆರಳು ತೋರಿಸಿದ ಪ್ರತಿ ಮೂರ್ನಾಲ್ಕು ಮಕ್ಕಳಲ್ಲಿ ಒಬ್ಬರಿಗಷ್ಟೇ ನಿಜವಾಗಿ ಪೆಟ್ಟಾಗಿರುತ್ತದೆ. ನಿಜವಾಗಿ ಪೆಟ್ಟಾದ ಆ 20 ಮಂದಿಯಲ್ಲಿ ಇಬ್ಬರು ಪರೀಕ್ಷೆಯ ಕಣ್ಣು ತಪ್ಪಿಸಿಕೊಂಡರು ಎಂಬುದನ್ನೂ ಮರೆಯಬಾರದು. ‘ನೂರಕ್ಕೆ 90ರಷ್ಟು ನಿಖರ’ ಎಂಬ ಜಾಹೀರಾತಿನ ಸಾಲಿನಲ್ಲಿ ಈ ಲೆಕ್ಕ ಎಲ್ಲೂ ಇರುವುದಿಲ್ಲ.

ಔಷಧ ಮತ್ತು ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇಂಥ ಉಪಕರಣಗಳಿಗೆ ಒಪ್ಪಿಗೆ ಕೊಟ್ಟಿದೆಯಲ್ಲ ಎಂದು ಕೇಳುವವರಿದ್ದಾರೆ. ಕೊಟ್ಟಿರುವುದು ನಿಜ, ಆದರೆ ಒಪ್ಪಿಗೆಯ ಷರತ್ತುಗಳನ್ನು ಓದಬೇಕು. ಬ್ರೈನ್‌ಸ್ಕೋಪ್ ಎಂಬ ಕಂಪನಿಯ ಉಪಕರಣಕ್ಕೆ 2014ರಲ್ಲಿ ಮೊದಲ ಅನುಮತಿ ಸಿಕ್ಕಾಗ, ತಲೆಗೆ ಪೆಟ್ಟು ಬಿದ್ದ ವಯಸ್ಕರಿಗೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಡವೇ ಎಂದು ತೀರ್ಮಾನಿಸುವ ವೈದ್ಯರಿಗೆ ನೆರವಾಗುವುದಷ್ಟೇ ಅದರ ಕೆಲಸವಾಗಿತ್ತು. ಕನ್‌ಕಷನ್ ಸೂಚ್ಯಂಕವೊಂದಕ್ಕೆ 2019ರಲ್ಲಿ ಅನುಮತಿ ಸಿಕ್ಕಿದಾಗಲೂ ಅದು 13ರಿಂದ 25 ವರ್ಷದವರಿಗೆ ಸೀಮಿತವಾಗಿದ್ದು, ಉಳಿದ ಪರೀಕ್ಷೆಗಳ ಜೊತೆಗೆ ಇಟ್ಟು ನೋಡಬೇಕಾದ ಒಂದು ಅಂಕಿಯಾಗಿತ್ತು. ವೈದ್ಯರ ಬದಲಿಗೆ ಯಂತ್ರ ತೀರ್ಪು ಕೊಡಲಿ ಎಂದು ಯಾರೂ ಹೇಳಿಲ್ಲ. ಕ್ರೀಡಾ ಕನ್‌ಕಷನ್ ಕುರಿತು ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2022ರಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಮಾವೇಶದ ಹೇಳಿಕೆ ಕೂಡ ಇಂಥ ಮುಂದುವರಿದ ಅಳತೆಗಳನ್ನು ಸಂಶೋಧನೆಯ ಸಾಧನಗಳೆಂದೇ ಪರಿಗಣಿಸಿದೆ, ದಿನನಿತ್ಯದ ಚಿಕಿತ್ಸೆಗೆ ಒಪ್ಪಿಸಿಲ್ಲ. ಐಸಿಸಿ ಕೂಡ 2025ರಲ್ಲಿ ತನ್ನ ನಿಯಮವನ್ನು ಬಿಗಿ ಮಾಡಿದಾಗ ಯಾವ ಯಂತ್ರದ ಮೊರೆಯನ್ನೂ ಹೋಗದೆ, ಕನ್‌ಕಷನ್ ಆದ ಆಟಗಾರ ಕನಿಷ್ಠ ಏಳು ದಿನ ಆಡುವಂತಿಲ್ಲ ಎಂದಿತು.

ಸಂಶೋಧನೆ ಎಂದಾಗ ಇನ್ನೊಂದು ತೊಡಕನ್ನು ಬಿಡಿಸಿ ಹೇಳಬೇಕಾಗುತ್ತದೆ. ಕನ್‌ಕಷನ್ ಆದ ವಯಸ್ಕರಲ್ಲಿ ಹೆಚ್ಚಿನವರು ಎರಡು ವಾರಗಳಲ್ಲೂ, ಮಕ್ಕಳಲ್ಲಿ ಹೆಚ್ಚಿನವರು ನಾಲ್ಕು ವಾರಗಳೊಳಗೂ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆ ಅವಧಿಯಲ್ಲಿ ಯಾವ ಚಿಕಿತ್ಸೆ ಕೊಟ್ಟರೂ ಗುಣವಾದ ಹಾಗೆ ಕಾಣುತ್ತದೆ. ಏನೂ ಕೊಡದಿದ್ದರೂ ಹಾಗೆಯೇ ಕಾಣುತ್ತದೆ. ತೆರೆಯ ಮೇಲೆ ತನ್ನ ಮಿದುಳಿನ ಅಲೆಯನ್ನು ನೋಡುತ್ತ ಅದನ್ನು ಹದಕ್ಕೆ ತಂದುಕೊಳ್ಳಲು ರೋಗಿಗೆ ಕಲಿಸುವ ನ್ಯೂರೋಫೀಡ್‌ಬ್ಯಾಕ್ ವಿಧಾನದ ಬಗ್ಗೆ ನಮ್ಮ ನಿಮ್ಹಾನ್ಸ್‌ನಲ್ಲೂ ತಲೆಪೆಟ್ಟಿನ ರೋಗಿಗಳೊಡನೆ ಅಧ್ಯಯನಗಳು ನಡೆದು ಪ್ರಕಟವಾಗಿವೆ; ಅದು ಗೌರವಿಸಬೇಕಾದ ಕೆಲಸ. ಮುಂದಿನ ಹೆಜ್ಜೆಯಾಗಿ ಬೇಕಿರುವುದು ದೊಡ್ಡ ಗುಂಪುಗಳು ಮತ್ತು ತೋರಿಕೆಯ ತರಬೇತಿ ಪಡೆದ ಇನ್ನೊಂದು ಗುಂಪಿನೊಡನೆ ಹೋಲಿಕೆ. ತಾನು ನೋಡುತ್ತಿರುವುದು ತನ್ನದೇ ಅಲೆಯೋ ಬೇರೆಯವರದೋ ಎಂದು ರೋಗಿಗೂ, ಫಲಿತಾಂಶ ಅಳೆಯುವವರಿಗೂ ತಿಳಿಯದಂತೆ ನಡೆದ ಪರೀಕ್ಷೆಯಲ್ಲಿ ಲಾಭ ಕಂಡರೆ ಅದನ್ನು ನಂಬಬಹುದು. ಇಲ್ಲವಾದರೆ ಗುಣಪಡಿಸಿದ್ದು ತರಬೇತಿಯೋ, ಕಳೆದುಹೋದ ಕಾಲವೋ, ತಂತ್ರಜ್ಞರು ಎದುರು ಕೂತು ಸಾವಧಾನವಾಗಿ ಆಡಿದ ನಾಲ್ಕು ಮಾತೋ ತಿಳಿಯುವುದಿಲ್ಲ. ಕೊನೆಯದರ ಶಕ್ತಿಯನ್ನು ನಾನು ಕಡಿಮೆ ಎಂದುಕೊಂಡಿಲ್ಲ.

ಚಿಕಿತ್ಸೆಯ ಪ್ರಯೋಗಗಳಲ್ಲಿ ಮಿದುಳಿನ ಅಳತೆಗೆ ನಿಜವಾದ ಉಪಯೋಗವಿದೆ. ಎಷ್ಟು ದಿನಕ್ಕೆ ಲಘು ವ್ಯಾಯಾಮ ಶುರು ಮಾಡಬೇಕು ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಬೇಕೆಂಬ ಹಳೆಯ ಸಲಹೆಯನ್ನು ತಜ್ಞರು ಕೈಬಿಟ್ಟಿದ್ದಾರೆ; ಒಂದೆರಡು ದಿನ ಮಿತವಾದ ವಿಶ್ರಾಂತಿ, ಆಮೇಲೆ ನಡಿಗೆಯಂಥ ಹಗುರ ಚಟುವಟಿಕೆ ಎಂಬುದು ಈಗಿನ ಸಲಹೆ. ತಲೆನೋವು ಹೋದ ದಿನ ಮಿದುಳಿನ ಪ್ರತಿಕ್ರಿಯೆಯೂ ಮೊದಲಿನಂತಾಗಿರುತ್ತದೆಯೇ, ಇಲ್ಲದಿದ್ದರೆ ಆ ಅಂತರದಲ್ಲಿ ಆಡಿದವನಿಗೆ ಮತ್ತೆ ಪೆಟ್ಟು ಬೀಳುವ ಸಂಭವ ಹೆಚ್ಚೇ ಎಂಬುದನ್ನು ತಿಳಿಯಲು, ರೋಗಲಕ್ಷಣಗಳ ಪಟ್ಟಿಯ ಪಕ್ಕದಲ್ಲಿ ಪಿ300 ಅಳತೆಯನ್ನೂ ಇಟ್ಟು ವರ್ಷಗಟ್ಟಲೆ ನೋಡಬೇಕು. ಅಂಥ ಅಧ್ಯಯನವನ್ನು ಐಸಿಎಂಆರ್‌ನ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಆರಂಭಕ್ಕೆ ಮೊದಲೇ ದಾಖಲಿಸಿ, ಯಾವ ಅಲೆಯನ್ನು, ಯಾವ ದಿನ, ಯಾವ ಎಲೆಕ್ಟ್ರೋಡಿನಲ್ಲಿ ಅಳೆಯುತ್ತೇವೆ ಎಂದು ಘೋಷಿಸಿರಬೇಕು. ನೂರಾರು ಅಂಕಿಗಳನ್ನು ಮೊದಲು ತೆಗೆದು, ಆಮೇಲೆ ಚೆನ್ನಾಗಿ ಕಂಡದ್ದನ್ನು ಆರಿಸಿಕೊಳ್ಳುವ ದಾರಿಯನ್ನು ಮುಚ್ಚಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ನ್ಯಾಯಾಲಯದ ವಿಷಯವನ್ನೂ ಇಲ್ಲಿ ಎತ್ತಬೇಕಾಗಿದೆ. ರಸ್ತೆ ಅಪಘಾತದ ಪರಿಹಾರ ಪ್ರಕರಣಗಳಲ್ಲಿ ಬಣ್ಣದ ಮಿದುಳಿನ ನಕ್ಷೆ ಸಾಕ್ಷ್ಯವಾಗಿ ಬರುವ ದಿನ ದೂರವಿಲ್ಲ. ಗಾಯಾಳುವಿನ ಪರ ವಕೀಲರು ಅದನ್ನು ಪೆಟ್ಟಿನ ಪುರಾವೆಯಾಗಿಯೂ, ವಿಮಾ ಕಂಪನಿಯವರು ಸರಿಯಾಗಿರುವ ಇಇಜಿಯನ್ನು ಪೆಟ್ಟೇ ಇಲ್ಲವೆಂಬುದಕ್ಕೆ ಪುರಾವೆಯಾಗಿಯೂ ಬಳಸಬಹುದು. ಎರಡೂ ತಪ್ಪು. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 1997ರಷ್ಟು ಹಿಂದೆಯೇ, ಇಂಥ ಕಂಪ್ಯೂಟರೀಕೃತ ಇಇಜಿಯನ್ನು ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಬಳಸಲು ಶಿಫಾರಸು ಮಾಡುವುದಿಲ್ಲ ಎಂದು ಹೇಳಿತ್ತು. ಮಿದುಳಿನ ಅಲೆಗಳಿಂದ ಸತ್ಯ ಹೊರಡಿಸುವ ಆಸೆಯನ್ನು ನಮ್ಮ ರಾಜ್ಯ ಮೊದಲೇ ಕಂಡಿದೆ. ಆರೋಪಿಗಳ ಮೇಲೆ ಅವರ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಹಾಗೂ ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪಿತ್ತದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ಆ ಪರೀಕ್ಷೆಗಳ ಪೈಕಿ ಕೊನೆಯದರ ಹಿಂದೆಯೂ ಇದ್ದದ್ದು ಇದೇ ಪಿ300 ಅಲೆ. ವಿಷಯ ಬೇರೆಯಾದರೂ, ಪ್ರಯೋಗಶಾಲೆಯ ಗುಂಪುಗಳ ಸರಾಸರಿಯಲ್ಲಿ ಕಂಡ ವ್ಯತ್ಯಾಸವನ್ನು ಎದುರಿಗಿರುವ ಒಬ್ಬ ವ್ಯಕ್ತಿಯ ಮೇಲೆ ತೀರ್ಪಾಗಿ ಹೊರಿಸುವ ಅವಸರ ಎರಡೂ ಕಡೆ ಒಂದೇ.

ನಮ್ಮಲ್ಲಿ ಕನ್‌ಕಷನ್ ಮುಖ್ಯವಾಗಿ ಕ್ರಿಕೆಟ್ ಮೈದಾನದ್ದಲ್ಲ, ರಸ್ತೆಯದ್ದು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು; ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಸಾಯದೆ ಉಳಿದು, ಸ್ಕ್ಯಾನ್ ಸರಿ ಇದೆ ಎಂದು ಅದೇ ದಿನ ಮನೆಗೆ ಮರಳಿದವರು ಯಾವ ಪಟ್ಟಿಯಲ್ಲೂ ಇಲ್ಲ. ವಾರ ಕಳೆದ ಮೇಲೂ ಲೆಕ್ಕ ತಪ್ಪುವ ಅಂಗಡಿಯವನಿಗೆ, ಪಾಠ ತಲೆಗೆ ಹತ್ತದ ವಿದ್ಯಾರ್ಥಿನಿಗೆ, ಸಿಡುಕುತನ ಹೆಚ್ಚಾದ ಚಾಲಕನಿಗೆ ಅದು ಆ ಪೆಟ್ಟಿನದೇ ಫಲ ಎಂದು ಹೇಳುವವರೇ ಇರುವುದಿಲ್ಲ. ಇವರಿಗೆ ಮೊದಲು ಬೇಕಾದದ್ದು ಇಇಜಿಯಲ್ಲ. ತುರ್ತು ಚಿಕಿತ್ಸಾ ವಿಭಾಗದಿಂದ ಹೊರಡುವಾಗ ಕೈಗೆ ಕೊಡುವ ಕನ್ನಡದ ಒಂದು ಹಾಳೆ ಬೇಕು: ಯಾವ ಲಕ್ಷಣ ಕಂಡರೆ ಕೂಡಲೇ ಮರಳಿ ಬರಬೇಕು, ಎಷ್ಟು ದಿನ ಗಾಡಿ ಓಡಿಸಬಾರದು, ಮಕ್ಕಳು ಯಾವಾಗ ಶಾಲೆಗೆ, ಯಾವಾಗ ಕಬಡ್ಡಿ ಅಂಕಣಕ್ಕೆ ಹೋಗಬಹುದು ಎಂಬುದು ಅದರಲ್ಲಿರಬೇಕು. ಎರಡು ವಾರಗಳ ಬಳಿಕ ಒಂದು ಫೋನ್ ಕರೆ ಬೇಕು. ನಾಲ್ಕು ವಾರವಾದರೂ ಸರಿಹೋಗದವರನ್ನು ನರರೋಗ ತಜ್ಞರ ಬಳಿಗೆ ಕಳಿಸುವ ವ್ಯವಸ್ಥೆ ಬೇಕು. ಅಲ್ಲಿ ಇಇಜಿ ಅಗತ್ಯವೆನಿಸಿದರೆ ವೈದ್ಯರು ಬರೆದುಕೊಡುತ್ತಾರೆ.

ಕ್ರೀಡಾಶಾಲೆಗಳು ಮತ್ತು ಕ್ರೀಡಾ ಹಾಸ್ಟೆಲ್‌ಗಳ ವಿಷಯದಲ್ಲಿ ಮಾತ್ರ ನಾನು ಒಂದು ಹೆಜ್ಜೆ ಮುಂದೆ ಹೋಗಿ ಹೇಳಬಯಸುತ್ತೇನೆ. ಕುಸ್ತಿ, ಕಬಡ್ಡಿ, ಬಾಕ್ಸಿಂಗ್, ಹಾಕಿ ಆಡುವ ಮಕ್ಕಳು ಅಲ್ಲಿ ವರ್ಷಗಟ್ಟಲೆ ಒಂದೇ ಕಡೆ ಇರುತ್ತಾರೆ. ಋತುವಿನ ಮೊದಲು ಅವರ ನೆನಪು, ಸಮತೋಲನ ಮತ್ತು ಪಿ300 ಅಳತೆಗಳನ್ನು ತೆಗೆದಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ನಿಮ್ಹಾನ್ಸ್‌ನಂಥ ಸಂಸ್ಥೆ ಮುಂದೆ ನಿಂತು, ನೈತಿಕ ಸಮಿತಿಯ ಒಪ್ಪಿಗೆಯೊಡನೆ, ನಮ್ಮದೇ ಮಕ್ಕಳ ಅಳತೆಗಳ ಒಂದು ಆಕರವನ್ನು ಕಟ್ಟಿದರೆ, ದೂರದ ದೇಶಗಳ ಸರಾಸರಿಗೆ ನಮ್ಮ ಮಕ್ಕಳನ್ನು ಹೋಲಿಸುವ ಅನಿವಾರ್ಯತೆ ತಪ್ಪುತ್ತದೆ. ಆ ಅಳತೆಗಳು ಸಂಶೋಧಕರ ಬಳಿಯೇ ಇರಬೇಕು. ತರಬೇತುದಾರರ ಅಥವಾ ಆಯ್ಕೆ ಸಮಿತಿಯ ಮೇಜಿಗೆ ಹೋಗಬಾರದು. ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು, ಬೇಡವೆಂದ ಮಗುವಿಗೆ ತಂಡದಲ್ಲಿ ಸ್ಥಾನ ತಪ್ಪಬಾರದು. ಅಲೆ ಗಿಡ್ಡವಾಗಿದೆ ಎಂಬ ಒಂದೇ ಕಾರಣಕ್ಕೆ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳನ್ನು ಹಾಸ್ಟೆಲ್‌ನಿಂದ ಮನೆಗೆ ಕಳಿಸಲು ಈ ಅಳತೆಯನ್ನು ಯಾರೂ ಬಳಸದಂತೆ, ಅಧ್ಯಯನ ಆರಂಭವಾಗುವ ಮೊದಲೇ ಕ್ರೀಡಾ ಇಲಾಖೆ ಲಿಖಿತ ಆದೇಶ ಹೊರಡಿಸಬೇಕೆಂದು ನನ್ನ ಕೋರಿಕೆ.

ತಮ್ಮ ವಿಶ್ವಾಸಿ,
ನಿವೃತ್ತ ಇಇಜಿ ತಂತ್ರಜ್ಞ, ಮೈಸೂರು